ಅತ್ತೆಯ ಒದ್ದೆ ಹೆಜ್ಜೆ

ನನ್ನ ಸೋದರತ್ತೆ ತೀರಿಕೊಂಡ ಮರುದಿನ ಬೆಳಿಗ್ಗೆ ಅವಳ ಹೆಜ್ಜೆಗಳು ಎದ್ದವು. ಏಳುತ್ತವೆಂದು ಗೊತ್ತೇ ಇತ್ತು. ನಮ್ಮೂರಿನಲ್ಲಿ ಯಾರು ಸತ್ತರೂ ಮರುದಿನ ಅವರ ಹೆಜ್ಜೆಗಳು ಏಳುತ್ತವೆ, ಈಗಷ್ಟೇ ಬಚ್ಚಲಿನಿಂದ ಹೊರಗೆ ಬಂದವರ ಪಾದದ ಗುರುತಿನ ಹಾಗೆ, ಒದ್ದೆಯಾಗಿ. ಅವು ಬಿಸಿಲಿಗೆ ಆರುವುದಿಲ್ಲ, ಕಸಬರಿಗೆಗೆ ಹೋಗುವುದಿಲ್ಲ. ಆದರೆ ಅತ್ತೆಯ ಹೆಜ್ಜೆಗಳು ಎಲ್ಲೆಲ್ಲಿ ಏಳಬಹುದು ಎಂಬುದಕ್ಕೆ ಮಾತ್ರ ನಾನು ತಯಾರಿರಲಿಲ್ಲ. ಬಾಗಿಲು ತೆರೆದರೆ ಓಣಿಯ ಜನವೆಲ್ಲ ಬೀದಿಯಲ್ಲಿ ನಿಂತು ಕತ್ತು ಮೇಲೆತ್ತಿ ನೋಡುತ್ತಿದ್ದರು. ಹೆಜ್ಜೆಯ ಸಾಲೊಂದು ನಮ್ಮ ಕಟ್ಟೆಯಿಂದಿಳಿದು, ಬೀದಿ ದಾಟಿ, ಎದುರುಮನೆಯ ಗೋಡೆ ಹತ್ತಿ, ಹೆಂಚಿನ ಮೇಲೆ ನಡೆದು, ಹುಣಸೆಮರದೊಳಗೆ ಮಾಯವಾಗಿತ್ತು.

"ಈರಬಸಣ್ಣಾ, ನಿನ್ನ ಕಥಿ ಮುಗೀತು ನೋಡಪಾ," ಎಂದ ಕಿರಾಣಿ ಅಂಗಡಿಯ ಪರಪ್ಪ. ಅವನ ದನಿಯಲ್ಲಿ ಕನಿಕರಕ್ಕಿಂತ ಖುಷಿಯೇ ಹೆಚ್ಚಿತ್ತು.

ಸತ್ತವರು ಯಾರನ್ನು ಆರಿಸಿರುತ್ತಾರೋ ಅವರು ಬರಿಗಾಲಿನಲ್ಲಿ ಪ್ರತಿಯೊಂದು ಹೆಜ್ಜೆಯ ಮೇಲೂ ಕಾಲಿಡಬೇಕು. ಎಡದ ಮೇಲೆ ಎಡಗಾಲು, ಬಲದ ಮೇಲೆ ಬಲಗಾಲು. ಕಾಲಿಟ್ಟ ಹೆಜ್ಜೆ ಆರುತ್ತದೆ. ಮುಂದೆ ಬರುವ ಅಮಾವಾಸ್ಯೆಯ ದಿನ ಸೂರ್ಯ ಮುಳುಗುವುದರೊಳಗೆ ಎಲ್ಲವೂ ಆರಬೇಕು. ಅಲ್ಲಿಯವರೆಗೆ ಸತ್ತವರ ಹೆಸರನ್ನು ಯಾರೂ ಎತ್ತುವುದಿಲ್ಲ. ಎಲ್ಲ ಆರಿದರೆ ಹೆಸರು ಊರಿಗೆ ವಾಪಸು ಬರುತ್ತದೆ. ಒಂದೇ ಒಂದು ಹೆಜ್ಜೆ ಒದ್ದೆ ಉಳಿದರೂ ಆ ಹೆಸರು ಹೋಯಿತು. ಮತ್ತೆ ಯಾರ ಬಾಯಲ್ಲೂ ಬರುವ ಹಾಗಿಲ್ಲ, ಯಾವ ಕೂಸಿಗೂ ಇಡುವ ಹಾಗಿಲ್ಲ, ಅವರ ಒಂದು ಸುದ್ದಿಯನ್ನೂ ಆಡುವ ಹಾಗಿಲ್ಲ. ನಮ್ಮೂರ ಎಣ್ಣೆ ಅಂಗಡಿಯ ಮುಂದೆ ಐದು ಒದ್ದೆ ಹೆಜ್ಜೆಗಳಿವೆ. ಯಾರವೋ. ವರ್ಷಕ್ಕೆ ನಾಲ್ಕು ಜನ ಅಲ್ಲಿ ಜಾರಿ ಬೀಳುತ್ತಾರೆ, ಬಿದ್ದವರಿಗೆ ಬೈಯುವುದಕ್ಕೂ ಒಂದು ಹೆಸರಿಲ್ಲ. ಆದ್ದರಿಂದ ಸದ್ಯಕ್ಕೆ ನಾನೂ ಅವಳನ್ನು ಬರೀ ಅತ್ತೆ ಎನ್ನುತ್ತೇನೆ.

ಬೇರೆಯವರಿಗೆ ಇದು ಅಂಥ ದೊಡ್ಡ ಕೆಲಸವಲ್ಲ. ದಿನಾ ನಡೆದ ದಾರಿಯ ಹೆಜ್ಜೆಗಳು ಒಂದರ ಮೇಲೊಂದು ಕೂತು ಒಂದೇ ಸಾಲಾಗುತ್ತವೆ. ನನ್ನ ಅಪ್ಪನದು ಮೂರು ತಾಸಿನಲ್ಲಿ ಮುಗಿದಿತ್ತು: ಮನೆ, ಮಗ್ಗ, ಬಾವಿ, ಗೆಳೆಯನ ಕಟ್ಟೆ. ನನ್ನದಂತೂ ಕೇಳಲೇಬೇಡಿ. ನಾನು ಟೇಲರ್. ಮನೆಯಿಂದ ಅಂಗಡಿಗೆ ನೂರ ನಲವತ್ತು ಹೆಜ್ಜೆ, ಅಲ್ಲಿಂದ ಚಹಾದಂಗಡಿಗೆ ಮೂವತ್ತು. ನಲವತ್ತೆಂಟು ವರ್ಷ ಇದರಲ್ಲೇ ಸುಖವಾಗಿದ್ದೆ. ನದಿ ದಾಟಿದವನಲ್ಲ, ಮರ ಹತ್ತಿದವನಲ್ಲ. ಸ್ಟೂಲು ಹತ್ತಿ ಬಲ್ಬು ಬದಲಿಸುವುದೂ ನನ್ನ ಹೆಂಡತಿಯ ಕೆಲಸ. ಅಂಗಡಿಯ ಎರಡನೆಯ ಮಶೀನಿನ ಮೇಲೆ ಕೂರುವ ನನ್ನ ಮಗಳು ಗಂಗೂ ಆಗಾಗ ಚೇಷ್ಟೆ ಮಾಡುತ್ತಿದ್ದಳು: "ಅಪ್ಪಾ, ನಿಂದು ಅರ್ಧಾ ತಾಸಿನ ಕೆಲಸ. ಒಲಿ ಮ್ಯಾಲೆ ಕುಕ್ಕರ್ ಇಟ್ಟು ಹೋದ್ರ ಮೂರನೇ ಸೀಟಿಗೆ ವಾಪಸ್ ಬರ್ತೀನಿ."

ಇಂಥವನನ್ನು ಅತ್ತೆ ಆರಿಸಿದ್ದಳು. ನಮ್ಮಲ್ಲಿ ಆರಿಸುವುದೆಂದರೆ ಬಾಯಿಬಿಟ್ಟು ಹೇಳುವುದಲ್ಲ. ತಮ್ಮ ಚಪ್ಪಲಿಯನ್ನು ಅವರ ಬಾಗಿಲಲ್ಲಿ ಬಿಟ್ಟು ಬರಿಗಾಲಿನಲ್ಲಿ ಮನೆಗೆ ಹೋಗುತ್ತಾರೆ, ಅಷ್ಟೇ. ಮೂರು ವರ್ಷದ ಹಿಂದೆ ಅತ್ತೆ ನನ್ನ ಅಂಗಡಿಯ ಮುಂದೆ ಚಪ್ಪಲಿ ಬಿಟ್ಟು ಹೋದಳು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ, ಸರಿಯಾಗಿ ನೋಡಲಿಲ್ಲ. ಬಾರು ಹರಿದಿರಬೇಕು ಎಂದುಕೊಂಡು ಹೊಸ ಬಾರು ಹಾಕಿಸಿ, ಪಾಲಿಶ್ ಮಾಡಿಸಿ, ಸಂಜೆ ಮನೆಗೆ ಒಯ್ದು ಕೊಟ್ಟೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹುಚ್ಚಪ್ಯಾಲಿ, ಹೊಲಿಸಾಕ ಬಿಟ್ಟಿದ್ದಲ್ಲೋ ಅವು! ಇನ್ನ ಅವು ನಿನ್ನವು."

"ನಾ ಯಾಕ ಅತ್ತಿ? ಊರಾಗ ಓಡೂವರು, ಹಾರೂವರು ಎಷ್ಟ ಮಂದಿ ಅದಾರ!"

"ಓಡೂವರು ಗಡಿಬಿಡಿ ಮಾಡ್ತಾರ. ನೀ ಒಂದ ಹೊಲಿಗಿ ತಪ್ಪಿದ್ರೂ ಬಿಚ್ಚಿ ಮತ್ತ ಹಾಕೂವಾಂವ. ನನ್ನ ಒಂದು ಹೆಜ್ಜಿನೂ ಬಿಡಂಗಿಲ್ಲ ನೀ," ಎಂದು ನನ್ನ ಗಲ್ಲ ಹಿಂಡಿದಳು. ನನಗಾಗ ನಲವತ್ತೈದು.

ಅತ್ತೆ ತೀರಿಕೊಂಡಾಗ ಅವಳಿಗೆ ಎಂಬತ್ತೊಂದು. ಮದುವೆಯಾದವಳಲ್ಲ. ನೋಡಲು ಬಂದ ಗಂಡಿನವರು ಒಳಗೆ ಕೂತು ಅವಲಕ್ಕಿ ತಿನ್ನುತ್ತಿದ್ದಾಗ ಅವರದೇ ಸೈಕಲ್ಲು ಹತ್ತಿ ಹೋದವಳು ಸಂಜೆಗೆ ವಾಪಸು ಬಂದಳಂತೆ, ಬೆಲ್ಲು ಮಾತ್ರ ಎಲ್ಲೋ ಬಿದ್ದುಹೋಗಿತ್ತಂತೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕುಟ್ಟಿ ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಮಾರುತ್ತಿದ್ದಳು. ಪುಡಿ ನೆಪ. ಯಾರ ಮನೆಯಲ್ಲಿ ಏನು ನಡೆದಿದೆ, ಎಲ್ಲಿ ತನ್ನ ಕೈಕಾಲಿಗೆ ಕೆಲಸವಿದೆ ಎಂದು ನೋಡಿಕೊಂಡು ಬರುವುದೇ ಅವಳ ನಿಜವಾದ ವ್ಯಾಪಾರವಾಗಿತ್ತು. ಇಡೀ ಊರು ಅವಳನ್ನು ಅತ್ತಿ ಎನ್ನುತ್ತಿತ್ತು, ಅವಳಿಗಿಂತ ದೊಡ್ಡವರೂ ಸೇರಿ.

ಅಮಾವಾಸ್ಯೆಗೆ ಹನ್ನೊಂದು ದಿನ ಇತ್ತು. ಆ ಬೆಳಿಗ್ಗೆ ನಾನು ನೇರ ಅಂಗಡಿಗೆ ಹೋಗಿ ಮಶೀನಿನ ಮುಂದೆ ಕೂತೆ. ಹೆದರಿದ್ದೆ, ಅದನ್ನು ಮುಚ್ಚಿಡುವುದೇನು. ಅಭ್ಯಾಸಬಲದಿಂದ ಕಾಲು ಪೆಡಲ್ಲಿನ ಮೇಲಿಟ್ಟೆ. ತಣ್ಣಗೆ ತಾಗಿತು. ಬಗ್ಗಿ ನೋಡಿದರೆ ನನ್ನ ಪಾದಗಳ ಅಡಿಯಲ್ಲಿ ಎರಡು ಒದ್ದೆ ಗುರುತುಗಳು ಆರುತ್ತಿದ್ದವು. ನಾನು ಏಳು ವರ್ಷದವನಿದ್ದಾಗ ಕಾಲು ಪೆಡಲ್ಲಿಗೆ ಎಟುಕುತ್ತಿರಲಿಲ್ಲ. ಅತ್ತೆ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾನು ಪೆಡಲ್ ತುಳಿಯುತ್ತಿದ್ದಳು, ನಾನು ಬಟ್ಟೆ ನೂಕುತ್ತಿದ್ದೆ. ಹಾಗೆ ಕಲಿತ ವಿದ್ಯೆಯಲ್ಲೇ ಇಷ್ಟು ವರ್ಷ ಹೊಟ್ಟೆ ಹೊರೆದಿದ್ದೇನೆ. ಮರೆತೇಬಿಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಎದ್ದು ಅಂಗಡಿಯ ಬಾಗಿಲು ಎಳೆದೆ. ಗಂಗೂ ಅಳತೆಯ ಟೇಪು ನನ್ನ ಕೊರಳಿಗೆ ಹಾಕಿ, "ಇರಲಿ, ಇದಿಲ್ಲದ ನಿನಗ ಧೈರ್ಯ ಬರಂಗಿಲ್ಲ," ಎಂದಳು.

ನಮ್ಮೂರಲ್ಲಿ ಹೆಜ್ಜೆ ನೋಡುವ ಕೆಲಸ ರುದ್ರಪ್ಪ ಮಾಸ್ತರರದು. ಶಾಲೆಯಿಂದ ನಿವೃತ್ತರಾದ ಮೇಲೆ ಇದನ್ನು ವಹಿಸಿಕೊಂಡಿದ್ದಾರೆ. ಕಾಲಿಟ್ಟವರ ಹಿಂದೆ ಕೊಡೆ ಹಿಡಿದು ನಡೆಯುತ್ತಾರೆ, ಪ್ರತಿ ಹೆಜ್ಜೆಗೂ ಕೈಯ ಹಿಂಭಾಗ ಮುಟ್ಟಿಸಿ "ಆರೈತಿ" ಎನ್ನುತ್ತಾರೆ. ನನ್ನ ಹಿಂದೆ ಬಂದು ಅವರು ಜೀವನದಲ್ಲಿ ಮೊದಲ ಸಲ ಹೆಂಚಿನ ಮೇಲೆ ಹತ್ತಿದರು. ಧೋತರ ಕಚ್ಚೆ ಬಿಗಿದು, ಕೊಡೆ ಮಾತ್ರ ಬಿಡದೆ. ಅವರನ್ನು ನೋಡಿ ನನಗೆ ಸ್ವಲ್ಪ ಸಮಾಧಾನವಾಯಿತು. ಬಿದ್ದರೆ ಇಬ್ಬರೂ ಬೀಳುತ್ತೇವೆ.

ಹುಣಸೆಮರದ ಮೂರನೆಯ ಕೊಂಬೆಯ ಮೇಲೆ ಜೋಡಿ ಹೆಜ್ಜೆ ಇತ್ತು. ಅಲ್ಲಿ ನಿಂತರೆ ಕಾಯಿ ನೇರ ಬಾಯಿಗೇ ಬರುತ್ತದೆ. ನಾನು ಎರಡೂ ಕೈಯಿಂದ ಕೊಂಬೆ ಅಪ್ಪಿಕೊಂಡಿದ್ದೆ, ಆದರೂ ಒಂದು ಕಾಯಿ ಕಚ್ಚಿದೆ. ಕೆಳಗೆ ನಿಂತಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ನೀರಿನ ಟ್ಯಾಂಕಿನ ಏಣಿಯ ಮೇಲೆ ಮೇಲಿನವರೆಗೂ ಹೆಜ್ಜೆಗಳಿದ್ದವು. ಹಿಂದೊಮ್ಮೆ ನೀರು ನಾರುತ್ತದೆಂದು ಊರೆಲ್ಲ ಹೇಳಿದರೂ ಪಂಚಾಯಿತಿಯವರು ನಂಬದಿದ್ದಾಗ ಅತ್ತೆ ತಾನೇ ಹತ್ತಿ, ಒಳಗೆ ಸತ್ತುಬಿದ್ದಿದ್ದ ಕಾಗೆಯನ್ನು ತೆಗೆದು, ನೇರ ಹೋಗಿ ಅಧ್ಯಕ್ಷರ ಟೇಬಲ್ಲಿನ ಮೇಲೆ ಇಟ್ಟಿದ್ದಳು. ಬರೀ ಇಟ್ಟಿದ್ದಳು ಎಂದುಕೊಂಡಿದ್ದೆವು. ಈಗ ನೋಡಿದರೆ ಟೇಬಲ್ಲಿನ ಮೇಲೂ ಎರಡು ಹೆಜ್ಜೆ. ಮೇಲೆ ಹತ್ತಿ ನಿಂತೇ ಮಾತಾಡಿದ್ದಳು! ಈಗಿನ ಅಧ್ಯಕ್ಷರು ಫೈಲುಗಳನ್ನು ಸರಿಸಿ, ಕೈಹಿಡಿದು ನನ್ನನ್ನು ಹತ್ತಿಸಿ, ಯಾಕೋ ಎದ್ದು ನಿಂತರು.

ಪರಪ್ಪನ ಮನೆಯ ಅಡುಗೆಮನೆ ಕಿಟಕಿಯಲ್ಲಿ ಒಂದು ಹೆಜ್ಜೆ ಇತ್ತು. ನಲವತ್ತು ವರ್ಷದ ಹಿಂದೆ ಪರಪ್ಪನ ತಾಯಿ ಒಳಗೆ ಒಬ್ಬಳೇ ನೋವು ತಿನ್ನುತ್ತಿದ್ದಳು, ಬಾಗಿಲ ಅಗಳಿ ಸಿಕ್ಕಿಕೊಂಡು ತೆರೆಯಲಾಗದೆ ಹೋದಾಗ ಅತ್ತೆ ಆ ಕಿಟಕಿಯಿಂದ ಒಳಗಿಳಿದು ಹೆರಿಗೆ ಮಾಡಿಸಿದಳು. ಹಾಗೆ ಹುಟ್ಟಿದ ಪರಪ್ಪ ಈಗ ಕೆಳಗಿನಿಂದ ತನ್ನ ಹೆಗಲು ಕೊಟ್ಟು ನನ್ನನ್ನು ಆ ಕಿಟಕಿಯೊಳಗೆ ನೂಕಿದ. ನಾನು ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡೆ. "ಆಕಿ ಬುಟ್ಟಿ ಸಮೇತ ಒಳಗ ಬಂದಿದ್ಲು," ಎಂದು ಪರಪ್ಪನ ತಾಯಿ ಒಳಗಿನಿಂದ ನನ್ನ ಕೈ ಎಳೆಯುತ್ತ ಹೇಳಿದಳು, "ನೀ ಬುಟ್ಟಿ ಇಲ್ಲದನ ಸಿಕ್ಕೀಯಲ್ಲೋ!" ಆಮೇಲೆ ನನಗೆ ಬಿಸಿಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಪ್ರತಿ ಮನೆಯಲ್ಲೂ ಹೀಗೇ ಆಯಿತು. ನಾಲ್ಕನೆಯ ದಿನಕ್ಕೆ ನನ್ನ ಹಿಂದೆ ಐವತ್ತು ಜನ ನಡೆಯುತ್ತಿದ್ದರು. ಎಲ್ಲರಿಗೂ ಅತ್ತೆಯ ಒಂದೊಂದು ಸಂಗತಿ ನಾಲಿಗೆಯ ತುದಿಯಲ್ಲಿತ್ತು. ಹೆಸರಿಲ್ಲದೆ ಪೂರ್ತಿ ಹೇಳಲಾಗದೆ "ಆಕಿ, ಆಕಿ" ಎಂದು ಒದ್ದಾಡುತ್ತಿದ್ದರು.

ಆರನೆಯ ದಿನ ಶಾಲೆಯ ಕಾಂಪೌಂಡು ಗೋಡೆಯ ಮೇಲೆ ತಪ್ಪು ಮಾಡಿದೆ. ಎಡದ ಮೇಲೆ ಬಲಗಾಲು ಇಟ್ಟೆ. ತಪ್ಪಿಟ್ಟರೆ ಆ ಸಾಲು ಮೊದಲಿನಿಂದ ಒದ್ದೆಯಾಗುತ್ತದೆ. ನೋಡನೋಡುತ್ತಿದ್ದಂತೆ ನನ್ನ ಹಿಂದೆ ಇನ್ನೂರು ಹೆಜ್ಜೆ ಮತ್ತೆ ಹೊಳೆದವು. ಮಾಸ್ತರರು ಕೊಡೆ ಮಡಚಿ ಹಣೆ ಒತ್ತಿಕೊಂಡರು. ಅರ್ಧ ದಿನ ಹೋಯಿತು. ಅತ್ತೆ ಹೇಳಿದಂತೆ ನಾನು ಬಿಚ್ಚಿ ಮತ್ತೆ ಹಾಕುವವನೇ. ಇಳಿದು ಹೋಗಿ ಮೊದಲಿನಿಂದ ಶುರುಮಾಡಿದೆ.

ಹಳೆಯ ಬಾವಿಯ ಮೆಟ್ಟಿಲ ಮೇಲೆ ಪುಟ್ಟ ಪುಟ್ಟ ಹೆಜ್ಜೆಗಳಿದ್ದವು, ನನ್ನ ಅಂಗೈಯಷ್ಟು. ಅವಳು ಐದಾರು ವರ್ಷದವಳಿದ್ದಾಗಿನವು. ಒಂದೊಂದು ಮೆಟ್ಟಿಲಲ್ಲೂ ಎರಡೂ ಕಾಲು ಜೋಡಿಸಿ ಕುಪ್ಪಳಿಸಿ ಇಳಿದಿದ್ದಳು. ನನ್ನ ದೊಡ್ಡ ಪಾದ ಆ ಪುಟ್ಟದರ ಮೇಲೆ ಇಟ್ಟಾಗ ನನಗೆ ಅಳು ಬಂತು. ಅತ್ತೆ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಗಂಗೂ ಬಂದು ಪಕ್ಕದಲ್ಲಿ ಕೂತಳು. ಆಮೇಲೆ ನಾನು ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತ ಇಳಿದೆ. ಹಾಗಲ್ಲದೆ ಬೇರೆ ಹೇಗೆ ಇಳಿಯುವುದು?

ನದಿಯ ಕಡೆ ಹೋದ ಸಾಲನ್ನು ನಾನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೆ. ಅಮಾವಾಸ್ಯೆಯ ದಿನ ಊಟ ಮುಗಿಸಿ ದಡಕ್ಕೆ ಹೋದೆವು. ಹೆಜ್ಜೆಗಳು ನೀರಿನಂಚಿಗೆ ಬಂದು ನಿಂತಿದ್ದವು. ಅಲ್ಲಿ ಹುಸೇನಸಾಬ ಹರಿಗೋಲು ಹಿಡಿದು ಕಾಯುತ್ತಿದ್ದ. ಎಪ್ಪತ್ತೈದರ ಮುದುಕ, ನಲವತ್ತು ವರ್ಷದಿಂದ ಜನರನ್ನು ದಾಟಿಸುತ್ತಿರುವವನು, ನನ್ನ ಮುಖ ಮೊದಲ ಸಲ ಅಷ್ಟು ಹತ್ತಿರದಿಂದ ನೋಡಿದ. "ಕಣ್ಣ ಮುಚ್ಚಿಕೊಂಡು ಕುಂದ್ರಬ್ಯಾಡ ಈರಬಸಣ್ಣ. ಮುಚ್ಚಿದ್ರ ಹೊಳಿ ದೊಡ್ಡದಾಗ್ತೈತಿ," ಎಂದ. ಹರಿಗೋಲು ಗರಗರ ತಿರುಗಿತು, ನಾನು ಕೊರಳ ಟೇಪನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಹೇಗೋ ಆಚೆ ದಡ ಬಂತು. ಹುಸೇನಸಾಬ ಐದು ಸಲ ಓಡಾಡಿ ಅರ್ಧ ಊರನ್ನು ದಾಟಿಸಿದ.

ಆಚೆ ಗುಡ್ಡದ ನೆತ್ತಿಯಲ್ಲಿ ಎರಡು ಬಂಡೆಗಳಿವೆ, ಜೋಡುಬಂಡೆ ಎನ್ನುತ್ತೇವೆ. ನಮ್ಮೂರಿನ ಗಡಿಯೂ ಅಲ್ಲೇ ಮುಗಿಯುತ್ತದೆ, ಗಡಿಯಾಚೆ ಹೆಜ್ಜೆ ಏಳುವುದಿಲ್ಲ. ಹೆಜ್ಜೆಗಳು ಮೊದಲನೆಯ ಬಂಡೆ ಏರಿ ಅದರ ಅಂಚಿಗೆ ಹೋಗಿದ್ದವು. ಕೊನೆಯದು ಎಡಗಾಲು, ಬೆರಳು ಒತ್ತಿ ನೂಕಿದ ಹಾಗಿತ್ತು. ಅದರ ಮುಂದಿನದು ಬಲಗಾಲು, ಎರಡನೆಯ ಬಂಡೆಯ ಮೇಲೆ. ನಡುವೆ ಗಾಳಿ. ಕೆಳಗೆ ಮೂರಾಳು ಆಳ, ತಳದಲ್ಲಿ ಪಾಪಸುಕಳ್ಳಿ. ನನ್ನ ಕಣ್ಣು ಅಳತೆ ಮಾಡಿಬಿಟ್ಟಿತು: ಎರಡು ಕುಪ್ಪಸದ ಖಣದಷ್ಟು, ಸುಮಾರು ಒಂದು ಮಾರು ಅಗಲ. ಹೆಚ್ಚೇನಲ್ಲ, ಮೇಜಿನ ಮೇಲೆ ಹಾಸಿದ್ದರೆ.

"ಜಿಗಿದಾಳ!" ಎಂದಳು ಗಂಗೂ. ಅವಳ ಕಣ್ಣು ಅರಳಿತ್ತು.

ಪರಪ್ಪ ಹಲಗೆ ತರುತ್ತೇನೆಂದ. ಇನ್ನೊಬ್ಬ ಏಣಿ ಎಂದ. ಎರಡನೆಯ ಬಂಡೆಗೆ ಹಿಂದುಗಡೆಯಿಂದ ಇಳಿಜಾರು ಇದೆ, ಸುತ್ತಿಕೊಂಡು ಹೋಗಿ ಕಾಲಿಟ್ಟರಾಯಿತು ಎಂದ ಮತ್ತೊಬ್ಬ. ಮಾಸ್ತರರು ತಲೆಯಾಡಿಸಿದರು. "ಸಾಲಿನ ನಡುವ ಆಕಿ ಇಡದ ಹೆಜ್ಜಿ ನೀ ಇಡೂ ಹಂಗಿಲ್ಲ, ಈರಬಸೂ. ಹಲಗಿ ಮ್ಯಾಲೆ ಇಟ್ರೂ ಅಷ್ಟ, ಸುತ್ತು ಹಾಕಿದ್ರೂ ಅಷ್ಟ." ಅವರೂ ಬಿಸಿಲು ಎಷ್ಟಿದೆ ಎಂದು ನದಿಯ ಕಡೆ ನೋಡಿದರು. ಸೂರ್ಯ ಎರಡಾಳೆತ್ತರ ಉಳಿದಿದ್ದ.

ನಾನು ಕೂತುಬಿಟ್ಟೆ. ನನ್ನಿಂದ ಆಗದು ಎಂದು ಖಂಡಿತವಾಗಿ ಗೊತ್ತಿತ್ತು. ಇಷ್ಟು ಹೆಜ್ಜೆ ಆರಿಸಿ, ಈ ಒಂದಕ್ಕಾಗಿ ಅತ್ತೆಯ ಹೆಸರು ಹೋಗುತ್ತದೆ. ನಾಳೆಯಿಂದ ಪರಪ್ಪ ತಾನು ಹುಟ್ಟಿದ ಕಥೆ ಹೇಳುವಂತಿಲ್ಲ. ಕಾಗೆಯ ಕಥೆ ಇಲ್ಲ, ಸೈಕಲ್ಲಿನ ಕಥೆ ಇಲ್ಲ. "ತಪ್ಪಾತು ಅತ್ತಿ, ನೀ ನನ್ನ ಆರಿಸಿದ್ದ ತಪ್ಪಾತು," ಎಂದು ಗಟ್ಟಿಯಾಗಿಯೇ ಹೇಳಿದೆ.

ಹುಸೇನಸಾಬ ಬಂದು ನನ್ನೆದುರು ಕುಕ್ಕರಗಾಲಿನಲ್ಲಿ ಕೂತ. "ಕೆಳಗ ನೋಡು," ಎಂದ.

"ನೋಡಿದ್ರ ತಲಿ ತಿರಗತೈತಿ."

"ಕಳ್ಳಿ ಕಡೆ ಅಲ್ಲೋ. ನಿನ್ನ ಕಾಲಬುಡಕ ನೋಡು."

ನೋಡಿದೆ. ಅಂಚಿನ ಹತ್ತಿರ ಬರೀ ಮುಂದಕ್ಕೆ ಹೋದ ಹೆಜ್ಜೆಗಳಿರಲಿಲ್ಲ. ತಿರುಗಿ ಬಂದವೂ ಇದ್ದವು. ಬೆರಳು ಊರಿನ ಕಡೆಗೆ, ಹಿಮ್ಮಡಿ ಅಂಚಿನ ಕಡೆಗೆ. ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು.

"ಆರು ಸಲ ಕರಕೊಂಡು ಬಂದೀನಿ ನಾ," ಎಂದ ಹುಸೇನಸಾಬ. "ಅರವತ್ತಾರು ವರ್ಷ ಆಗಿತ್ತು ಆಕಿಗೆ. ಐದು ಸಲ ಇಲ್ಲಿ ತನಕ ಬಂದು, ಅಂಜಿ, ತಿರುಗಿ ಬಂದು ಹರಿಗೋಲಿನ್ಯಾಗ ಕೂತು ನನಗ ಬೈದಾಳ. 'ಹುಸೇನಾ, ಯಾರ ಮುಂದರ ಬಾಯಿಬಿಟ್ಟಿ, ನೋಡು' ಅಂತ. ನಾ ಇವತ್ತಿನ ತನಕ ಬಾಯಿ ಬಿಟ್ಟಿಲ್ಲ."

ನನ್ನ ಅತ್ತೆ ಅಂಜಿದ್ದಳು! ಹೇಗೆ ಹೇಳಲಿ, ನನಗೆ ಎಷ್ಟು ಸಂತೋಷವಾಯಿತೆಂದು. ಅವಳಿಗೆ ಅಂಜಿಕೆ ಎಂಬುದೇ ಇಲ್ಲ, ನನಗೆ ಅದರ ಹೊರತು ಬೇರೇನೂ ಇಲ್ಲ ಎಂದುಕೊಂಡು ಬೆಳೆದವನು ನಾನು. ಇಬ್ಬರದೂ ಒಂದೇ ಬಟ್ಟೆ ಎಂದು ಈಗ ಗೊತ್ತಾಯಿತು. ಎದ್ದೆ. ಅವಳು ಬಂದ ಹಾಗೆಯೇ ಅಂಚಿಗೆ ಬಂದೆ, ತಿರುಗಿ ಹೋದೆ, ಮತ್ತೆ ಬಂದೆ, ಮತ್ತೆ ಹೋದೆ. ಐದು ಸಲವೂ ಅವಳ ಅಂಜಿಕೆಯ ಹೆಜ್ಜೆಗಳನ್ನು ಒಂದೂ ಬಿಡದೆ ಆರಿಸಿದೆ. ಮಾಸ್ತರರು "ಆರೈತಿ, ಆರೈತಿ" ಎನ್ನುತ್ತ ಹಿಂದೆಯೇ ಓಡಾಡಿದರು. ಜನ ಸುತ್ತುಹಾಕಿ ಎರಡನೆಯ ಬಂಡೆಯ ಮೇಲೆ ಹೋಗಿ ನಿಂತರು. ಗಂಗೂ ಎಲ್ಲರಿಗಿಂತ ಮುಂದೆ ನಿಂತು, "ಎಡಗಾಲಿಂದ ಜಿಗಿ ಅಪ್ಪಾ, ಬಲಗಾಲು ಇಡು! ಎಡಗಾಲು, ಬಲಗಾಲು!" ಎಂದು ಕೂಗುತ್ತಿದ್ದಳು.

ಆರನೆಯ ಸಲ ನಾನು ತಿರುಗಲಿಲ್ಲ. ಎಡಗಾಲು ಒತ್ತಿ ಜಿಗಿದೆ. ಗಾಳಿಯಲ್ಲಿ ಎಷ್ಟು ಹೊತ್ತು ಇದ್ದೆನೋ ಗೊತ್ತಿಲ್ಲ, ಕೊರಳ ಟೇಪು ಹಾರಿ ನನ್ನ ಬಾಯಿಗೆ ಬಂದದ್ದು ಮಾತ್ರ ನೆನಪಿದೆ. ಬಲಗಾಲು ತಣ್ಣನೆಯದನ್ನು ತಾಗಿತು. ಆಮೇಲೆ ಸಮತೋಲ ತಪ್ಪಿ ದೊಪ್ಪನೆ ಕುಂಡೆಯ ಮೇಲೆ ಬಿದ್ದೆ. ಬಿದ್ದಲ್ಲಿ ಇನ್ನೂ ಹೆಚ್ಚು ತಣ್ಣಗಾಯಿತು. ನಾನು ಎದ್ದು ನೋಡಿದೆ, ಎಲ್ಲರೂ ನೋಡಿದರು. ಹೆಜ್ಜೆಯ ಹಿಂದೆಯೇ ಬಂಡೆಯ ಮೇಲೆ ಒಂದು ದೊಡ್ಡ ದುಂಡನೆಯ ಒದ್ದೆ ಗುರುತು, ನಡುವೆ ಸೀಳಿನೊಂದಿಗೆ, ನಿಧಾನಕ್ಕೆ ಆರುತ್ತಿತ್ತು. ಅತ್ತೆಯೂ ಹಾಗೆಯೇ ಬಿದ್ದಿದ್ದಳು.

ಮಾಸ್ತರರು ಸುತ್ತುಹಾಕಿ ಏದುಸಿರು ಬಿಡುತ್ತ ಬಂದು ಬಗ್ಗಿದರು. ಹೆಜ್ಜೆಗೆ ಕೈಯ ಹಿಂಭಾಗ ಮುಟ್ಟಿಸಿದರು. ಇನ್ನೊಂದು ಗುರುತಿಗೆ ಮುಟ್ಟಿಸಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿದರು. ಕೊನೆಗೆ ಮುಖ ಆಚೆ ತಿರುಗಿಸಿ ಮುಟ್ಟಿಸಿ, "ಅದೂ ಆರೈತಿ," ಎಂದರು.

ಹೆಸರನ್ನು ಮೊದಲು ಕರೆಯುವ ಹಕ್ಕು ಹೆಜ್ಜೆ ಆರಿಸಿದವನದು. ಹನ್ನೊಂದು ದಿನ ನುಂಗಿಕೊಂಡಿದ್ದೆ. ಎದ್ದುನಿಂತು, ಧೂಳು ಕೊಡವಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಕೂಗಿದೆ: "ಹೊನ್ನವ್ವಾ!"

"ಹೊನ್ನವ್ವಾ!" ಎಂದು ಬಂಡೆಯ ಮೇಲಿದ್ದವರು ಕೂಗಿದರು. ನದಿಯಾಚೆ ದಡದಲ್ಲಿ ಕಾಯುತ್ತಿದ್ದ ಉಳಿದ ಅರ್ಧ ಊರು ಕೇಳಿಸಿಕೊಂಡು ಕೂಗಿತು. ಹುಸೇನಸಾಬ ಟೊಪ್ಪಿಗೆ ತೆಗೆದು ಗಾಳಿಗೆ ತೂರಿದ, ಅದು ಕಳ್ಳಿಯ ಮೇಲೆ ಬಿತ್ತು. ಹೊನ್ನವ್ವ, ಹೊನ್ನತ್ತಿ, ಹೊನ್ನಿ ಎಂದು ಎಲ್ಲರೂ ಒಟ್ಟಿಗೇ ಬಾಯಿಬಿಟ್ಟರು. ಒಬ್ಬರ ಕಥೆ ಇನ್ನೊಬ್ಬರಿಗೆ ಕೇಳಿಸಲಿಲ್ಲ. ಆ ವರ್ಷ ಊರಿನಲ್ಲಿ ಹುಟ್ಟಿದ ನಾಲ್ಕು ಹೆಣ್ಣುಮಕ್ಕಳಿಗೂ ಅದೇ ಹೆಸರಿಟ್ಟಿದ್ದಾರೆ. ಮುಂದೆ ಅಂಗನವಾಡಿಯಲ್ಲಿ ಒಬ್ಬಳನ್ನು ಕರೆದರೆ ನಾಲ್ವರೂ ಓಡಿಬರುವುದು ಖಂಡಿತ.

ನಾನು ಮತ್ತೆ ನನ್ನ ಮಶೀನಿನ ಮುಂದೆ ಕೂತೆ. ಆದರೆ ಸುಮ್ಮನೆ ಕೂರುವುದು ಮೊದಲಿನಷ್ಟು ಸುಲಭವಾಗಲಿಲ್ಲ. ಸಂಜೆ ಹೊತ್ತು ಹರಿಗೋಲಿನಲ್ಲಿ ಒಂದು ಸುತ್ತು ಹೋಗಿಬರುತ್ತೇನೆ. ಹುಣಸೆಕಾಯಿ ಬಲಿತಾಗ ಮರಕ್ಕೂ ಹೋದೆ. ಹೆಂಡತಿ ಕೆಳಗೆ ನಿಂತು ಬೈದಳು, ಸೆರಗೊಡ್ಡಿ ಕಾಯಿಯನ್ನೂ ಹಿಡಿದಳು. ಹೀಗೆ ಎರಡು ತಿಂಗಳಾದ ಮೇಲೆ ಒಂದು ದಿನ ನನ್ನ ಚಪ್ಪಲಿಗಳನ್ನು ಗಂಗೂಳ ಮಶೀನಿನ ಹತ್ತಿರ ಬಿಟ್ಟು ಬರಿಗಾಲಿನಲ್ಲಿ ಮನೆಗೆ ಹೋದೆ.

ಹಿಂದೆಯೇ ಅವಳು ಓಡಿಬಂದಳು. ಹೊಲಿಸಲು ಬಿಟ್ಟದ್ದಲ್ಲ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಚಪ್ಪಲಿ ಎದೆಗವಚಿಕೊಂಡಿದ್ದಳು. "ಅಪ್ಪಾ! ನಿಂದು ಅರ್ಧಾ ತಾಸಿನ ಕೆಲಸ ಇತ್ತು. ಈಗ ನೋಡಿದ್ರ ಹೆಂಚು, ಮರ, ಟ್ಯಾಂಕು, ಕಿಟಕಿ ಎಲ್ಲಾ ಆತಲ್ಲ. ಆ ಜೋಡುಬಂಡೆ ನಾನೂ ಜಿಗೀಬೇಕಾ?"

"ಅಂಜಿಕಿ ಬಂದ್ರ ಐದು ಸಲ ತಿರುಗಿ ಬರಾಕ ಅಡ್ಡಿಯಿಲ್ಲ," ಎಂದೆ.

ಅವಳು ಚಪ್ಪಲಿ ಕೆಳಗಿಟ್ಟು, ನನ್ನ ಕೊರಳಿನ ಟೇಪು ತೆಗೆದುಕೊಂಡು, ಅಂಗಳದಲ್ಲಿ ಎರಡು ಖಣದಷ್ಟು ಅಳೆದು, ಹೊಲಿಗೆಯ ಸೀಮೆಸುಣ್ಣದಿಂದ ಆ ತುದಿಗೊಂದು ಈ ತುದಿಗೊಂದು ಗೆರೆ ಎಳೆದಳು. ಹಿಂದಕ್ಕೆ ಹೆಜ್ಜೆ ಹಾಕುತ್ತ ಬಾಗಿಲವರೆಗೂ ಬಂದು ನಿಂತಳು.

"ಸರೀ ಅಪ್ಪಾ," ಎಂದಳು, "ದಾರಿ ಬಿಡು."